40 ಮುಟ್ಟದ ಊರಿನ ಸೆಕೆ: ಬೆಂಗಳೂರಿನ ಬಿಸಿ ಯಾಕೆ ಲೆಕ್ಕಕ್ಕೇ ಬರಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗಲೆಂದು ಮಾತನ್ನು ಅಲ್ಲಲ್ಲಿ ತುಸು ತಿದ್ದಲಾಗಿದೆ.)

ಮೆಟ್ರೋದಲ್ಲಿ ಕೂತು ಕೇಳ್ತಿದ್ದೀರೋ, ಹೋಟೆಲ್ ಮುಂದೆ ಆರ್ಡರ್‌ಗೆ ಕಾಯ್ತಾ ಕೇಳ್ತಿದ್ದೀರೋ, ಇಲ್ಲಾ ರಾತ್ರಿ ಹನ್ನೊಂದಾದ್ರೂ ನಿದ್ದೆ ಬರದೆ ಫ್ಯಾನ್ ಕೆಳಗೆ ಹೊರಳಾಡ್ತಾ ಕೇಳ್ತಿದ್ದೀರೋ ಗೊತ್ತಿಲ್ಲ. ಮೂರನೇ ಗುಂಪಿನವರಾಗಿದ್ರೆ ಇವತ್ತಿನ ಮಾತು ನಿಮ್ಮದೇ ಅಂದ್ಕೊಳ್ಳಿ.

ಇವತ್ತಿನ ವಿಷಯ ಬೆಂಗಳೂರಿನ ಸೆಕೆ. ಅದರಲ್ಲೂ ನಮ್ಮ ಪಶ್ಚಿಮದ ಕಡೆ: ಜ್ಞಾನಭಾರತಿ, ಕೆಂಗೇರಿ, ನಾಗರಬಾವಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರ. ಶಿವರಾತ್ರಿ ಬಂದ್ರೆ ಚಳಿ ‘ಶಿವ ಶಿವ’ ಅಂತ ಓಡಿಹೋಗುತ್ತೆ ಅನ್ನೋ ಮಾತಿದೆ. ಅದು ನಿಜ, ಬೇಸಿಗೆ ಮೊದಲೂ ಇತ್ತು. ಆದ್ರೆ ಈ ಊರಲ್ಲಿ ಫ್ಯಾನ್ ಇಲ್ಲದೆ ಬೇಸಿಗೆ ಕಳೆದ ಮನೆಗಳೂ ಇದ್ದವು ಅಂತ ನಿಮ್ಮ ಅಜ್ಜಿ ತಾತ ಹೇಳಿರ್ತಾರೆ. ಈಗ ಎಸಿ ಕೊಳ್ಳಲು ಇಎಂಐ ಹಾಕ್ತಿದ್ದೀವಿ.

ಹಾಗಾದ್ರೆ ಇಷ್ಟೆಲ್ಲ ಸೆಕೆ ಇದ್ರೂ ಬೆಂಗಳೂರಿಗೆ ಅಧಿಕೃತವಾಗಿ ‘ಹೀಟ್‌ವೇವ್’ ಬರೋದು ಯಾಕೆ ಇಷ್ಟು ಕಷ್ಟ? ಈ ಪ್ರಶ್ನೆಯಿಂದಲೇ ಶುರು ಮಾಡೋಣ.

40ರ ಗೆರೆ

ಭಾರತೀಯ ಹವಾಮಾನ ಇಲಾಖೆ ಹೀಟ್‌ವೇವ್, ಅಂದ್ರೆ ಬಿಸಿಗಾಳಿ, ಅಂತ ಘೋಷಿಸೋಕೆ ಒಂದು ಅಳತೆಗೋಲು ಇಟ್ಕೊಂಡಿದೆ. ಬಯಲು ಪ್ರದೇಶದಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಬೇಕು. ಗುಡ್ಡಗಾಡಲ್ಲಿ 30 ಡಿಗ್ರಿ, ಕರಾವಳಿಯಲ್ಲಿ 37 ಡಿಗ್ರಿ. ಈ ಗೆರೆ ದಾಟಿದ ಮೇಲೆ, ಆ ದಿನದ ಬಿಸಿ ಅಲ್ಲಿನ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿದೆಯಾ ಅಂತ ನೋಡ್ತಾರೆ. ಒಂದೇ ಕಡೆ, ಒಂದೇ ದಿನ ಆದ್ರೆ ಸಾಲದು. ಹವಾಮಾನ ಉಪವಿಭಾಗದ ಕನಿಷ್ಠ ಎರಡು ಕೇಂದ್ರಗಳಲ್ಲಿ, ಸತತ ಎರಡು ದಿನ ಹೀಗಿರಬೇಕು.

ಈಗ ಬೆಂಗಳೂರನ್ನ ಈ ಲೆಕ್ಕಕ್ಕೆ ಹಾಕಿ ನೋಡಿ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೀವಿ, ಆದ್ರೆ ಊಟಿ ಥರ ಗುಡ್ಡಗಾಡಲ್ಲ. ಕರಾವಳಿಯಂತೂ ಅಲ್ಲವೇ ಅಲ್ಲ. ಹಾಗಾಗಿ ನಮಗೆ ಅನ್ವಯಿಸೋದು ಬಯಲಿನ 40 ಡಿಗ್ರಿ. ನಗರದ ಹವಾಮಾನ ಕೇಂದ್ರದಲ್ಲಿ ಈವರೆಗೆ ದಾಖಲಾದ ಅತಿ ಹೆಚ್ಚು ತಾಪಮಾನ ಎಷ್ಟು ಗೊತ್ತಾ? 39.2 ಡಿಗ್ರಿ. ಅದು 2016ರ ಏಪ್ರಿಲ್‌ನಲ್ಲಿ. ಅದಾದ ಮೇಲೆ ದೊಡ್ಡ ಸುದ್ದಿಯಾಗಿದ್ದು 2024ರ ಏಪ್ರಿಲ್ 28: 38.5 ಡಿಗ್ರಿ. ಏಪ್ರಿಲ್‌ನಲ್ಲಿ ಇಲ್ಲಿನ ವಾಡಿಕೆಯ ಗರಿಷ್ಠ ಸುಮಾರು 34. ಅಂದ್ರೆ ವಾಡಿಕೆಗಿಂತ ನಾಲ್ಕು ಡಿಗ್ರಿಗೂ ಹೆಚ್ಚು. ಮೈಗೆ ಅದು ಗೊತ್ತಾಯ್ತು, ಟ್ಯಾಂಕರ್‌ಗೆ ಕಾಯ್ತಿದ್ದವರಿಗೆ ಗೊತ್ತಾಯ್ತು. ಆದ್ರೆ 40ರ ಗೆರೆ ಹಾಗೇ ಉಳೀತು.

ಇನ್ನೊಂದು ವಿಚಾರ ಕೇಳಿ, ಇದು ಹೆಚ್ಚು ಜನರಿಗೆ ಗೊತ್ತಿಲ್ಲ. ‘ಬಿಸಿ ರಾತ್ರಿ’ ಅಂತ ಇನ್ನೊಂದು ಎಚ್ಚರಿಕೆ ಇದೆ. ರಾತ್ರಿ ವಾಡಿಕೆಗಿಂತ ತುಂಬ ಸೆಕೆ ಇದ್ರೆ ಕೊಡೋದು. ಅದಕ್ಕೂ ಷರತ್ತು ಇದೇ, ಹಗಲಿನ ಗರಿಷ್ಠ 40 ಇರಬೇಕು! ಹಗಲು 38 ಇದ್ದು, ರಾತ್ರಿಯೆಲ್ಲ ಗೋಡೆ ಬಿಸಿ ಕಾರ್ತಾ ಇದ್ರೂ ಬೆಂಗಳೂರಿನ ರಾತ್ರಿ ‘ಬಿಸಿ ರಾತ್ರಿ’ ಆಗಲ್ಲ.

ಇದು ಹವಾಮಾನ ಇಲಾಖೆಯ ಮೇಲಿನ ದೂರಲ್ಲ. ಇಡೀ ದೇಶಕ್ಕೆ ಒಂದು ಸಾಮಾನ್ಯ ಅಳತೆ ಬೇಕು, ಅವರು ಇಟ್ಟಿದ್ದಾರೆ. ನಾಗ್ಪುರಕ್ಕೆ, ಕಲಬುರಗಿಗೆ ಅದು ಸರಿಯಾಗೇ ಕೂರುತ್ತೆ. ನನ್ನ ಮಾತು ಇಷ್ಟೇ: ಲೆಕ್ಕಕ್ಕೆ ಬರದ ಕಷ್ಟಕ್ಕೆ ಪರಿಹಾರವೂ ಬರಲ್ಲ. ಎಚ್ಚರಿಕೆ ಇಲ್ಲ ಅಂದ್ರೆ ಕೆಲಸದ ಸಮಯ ಬದಲಾಗಲ್ಲ, ಬಸ್‌ಸ್ಟಾಪಲ್ಲಿ ನೀರಿನ ಕೊಡ ಬರಲ್ಲ, ಆಸ್ಪತ್ರೆಯಲ್ಲಿ ‘ಇದು ಬಿಸಿಲಿನಿಂದ ಬಂದಿದ್ದು’ ಅಂತ ಬರೆಯೋ ರೂಢಿಯೂ ಬರಲ್ಲ.

‘ನಮ್ಮೂರಲ್ಲಿ 42, ಇಲ್ಲಿ 37ಕ್ಕೇ ಅಳ್ತೀರಾ?’

ಜ್ಞಾನಭಾರತಿ ಹಾಸ್ಟೆಲ್‌ಗಳಲ್ಲಿ ಕಲ್ಯಾಣ ಕರ್ನಾಟಕದ ಹುಡುಗ ಹುಡುಗಿಯರು ತುಂಬ ಜನ ಇದ್ದಾರೆ. ಅವರ ಹತ್ರ ಬೆಂಗಳೂರಿನ ಸೆಕೆ ಬಗ್ಗೆ ಹೇಳಿದ್ರೆ ನಗ್ತಾರೆ. ‘ನಮ್ ರಾಯಚೂರಿಗೆ ಬರ್ರಿ, ಬಿಸಲಂದ್ರ ಏನಂತ ತೋರಸ್ತೀವಿ’ ಅಂತಾರೆ. ತಪ್ಪೇನಿಲ್ಲ, ಅಲ್ಲಿ 40 ದಾಟೋದು ಪ್ರತಿ ಬೇಸಿಗೆಯ ಮಾತು.

ಆದ್ರೆ ಒಂದು ವ್ಯತ್ಯಾಸ ನೋಡಿ. ಆ ಊರುಗಳು ಬಿಸಿಲಿಗೆ ಹೊಂದಿಕೊಂಡು ಬೆಳೆದಿವೆ. ಹಳೇ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಮಧ್ಯಾಹ್ನ ಬೀದಿ ಖಾಲಿ. ಸರ್ಕಾರವೇ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ ಮತ್ತು ಬಾಗಲಕೋಟೆಯಲ್ಲಿ ಕಚೇರಿ ಸಮಯವನ್ನ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತೆ. ಬಿಸಿಲು ಇದೆ ಅಂತ ಒಪ್ಪಿಕೊಂಡು ದಿನಚರಿಯನ್ನೇ ತಿರುಗಿಸಿದ ವ್ಯವಸ್ಥೆ ಅದು.

ಬೆಂಗಳೂರು ಹಾಗಲ್ಲ. ಇದು ತಂಪಿನ ಊರು ಅಂತ ನಂಬಿ ಕಟ್ಟಿದ್ದು. ನಾಲ್ಕೂವರೆ ಇಂಚಿನ ಗೋಡೆ, ಮೇಲೆ ತೆಳು ಆರ್‌ಸಿಸಿ, ಪಕ್ಕದ ಮನೆಗೆ ಅಂಟಿಕೊಂಡ ಕಿಟಕಿ. ಮಧ್ಯಾಹ್ನ ಎರಡು ಗಂಟೆಗೆ ಊರು ಪೂರ್ತಿ ರಸ್ತೆ ಮೇಲೆ. ಇಲ್ಲಿನ 38 ಡಿಗ್ರಿಯನ್ನ ಅಲ್ಲಿನ 42ರ ಜೊತೆ ನೇರವಾಗಿ ಹೋಲಿಸೋಕೆ ಆಗಲ್ಲ. ನಮ್ಮ ದೇಹವೂ ಅಷ್ಟೇ, ದಿನಾ ನೋಡಿದ ಬಿಸಿಗೆ ನಿಧಾನವಾಗಿ ಹೊಂದಿಕೊಳ್ಳುತ್ತೆ. ವಾಡಿಕೆಗಿಂತ ದಿಢೀರನೆ ನಾಲ್ಕು ಡಿಗ್ರಿ ಏರಿದ್ರೆ ಅದಕ್ಕೂ ಗಾಬರಿಯೇ.

ಬಿಸಿಗೆ ಮೂರು ಪದರ

ಹಾಗಾದ್ರೆ ಇದೆಲ್ಲ ಕ್ಲೈಮೇಟ್ ಚೇಂಜ್ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದಾ? ಹೇಳಬಹುದು, ಆದ್ರೆ ಅರ್ಧ ಸತ್ಯ ಆಗುತ್ತೆ. ನಾನು ಇದನ್ನ ಮೂರು ಪದರ ಅಂತ ಅರ್ಥ ಮಾಡ್ಕೊಳ್ತೀನಿ: ಲೋಕದ ಬಿಸಿ, ವರ್ಷದ ಬಿಸಿ, ಬೀದಿಯ ಬಿಸಿ.

ಮೊದಲನೆಯದು ಲೋಕದ ಬಿಸಿ. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಸುಟ್ಟು ಗಾಳಿಗೆ ಸೇರಿಸಿದ ಇಂಗಾಲದ ಡೈಆಕ್ಸೈಡ್ ಭೂಮಿಯ ಮೇಲೆ ಕಂಬಳಿ ಹೊದಿಸಿದ ಹಾಗೆ. 2011ರಿಂದ 2020ರ ದಶಕದಲ್ಲಿ ಭೂಮಿಯ ಸರಾಸರಿ ತಾಪಮಾನ 19ನೇ ಶತಮಾನದ ಕೊನೆಯರ್ಧಕ್ಕಿಂತ ಸುಮಾರು 1.1 ಡಿಗ್ರಿ ಹೆಚ್ಚಿತ್ತು. 2024ರ ಇಡೀ ವರ್ಷದ ಸರಾಸರಿ ಮೊದಲ ಬಾರಿಗೆ 1.5 ಡಿಗ್ರಿಯನ್ನೂ ದಾಟಿತು.

‘ಒಂದೂವರೆ ಡಿಗ್ರಿ ತಾನೇ, ಏನು ಮಹಾ?’ ಅನ್ನಿಸಬಹುದು. ಜೊತೆಗೆ ಇನ್ನೊಂದು ವಾದವೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತೆ: ‘1931ರ ಮೇ ತಿಂಗಳಲ್ಲೇ ಬೆಂಗಳೂರಲ್ಲಿ 38.9 ಡಿಗ್ರಿ ಇತ್ತು. ಆಗ ಯಾವ ಕಾರು, ಯಾವ ಎಸಿ ಇತ್ತು? ಹಾಗಾಗಿ ಇದೆಲ್ಲ ಸುಳ್ಳು.’ ಆ 38.9ರ ದಾಖಲೆ ನಿಜ. ತಪ್ಪಿರೋದು ತೀರ್ಮಾನದಲ್ಲಿ.

ಕ್ರಿಕೆಟ್ ಭಾಷೆಯಲ್ಲಿ ಹೇಳ್ತೀನಿ. ದೊಡ್ಡ ಮೈದಾನದಲ್ಲೂ ಯಾರೋ ಒಬ್ಬ ಸಿಕ್ಸ್ ಹೊಡೀತಾನೆ. ಅದು ಅಪರೂಪ. ಈಗ ಬೌಂಡರಿ ಹಗ್ಗವನ್ನ ಐದು ಮೀಟರ್ ಒಳಗೆ ಎಳೆದುಬಿಡಿ. ಮೊದಲು ಕ್ಯಾಚ್ ಆಗ್ತಿದ್ದ ಚೆಂಡೆಲ್ಲ ಸಿಕ್ಸ್. ಚಿನ್ನಸ್ವಾಮಿ ಮೈದಾನದ ಮ್ಯಾಚ್ ನೋಡೋ ನಿಮಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಹಳೇ ಕಾಲದಲ್ಲೂ ಒಂದು ಸಿಕ್ಸ್ ಇತ್ತು ಅನ್ನೋದು ಹಗ್ಗ ಎಳೆದಿಲ್ಲ ಅನ್ನೋದಕ್ಕೆ ಸಾಕ್ಷಿ ಆಗಲ್ಲ. ನೋಡಬೇಕಾದ್ದು ಎಷ್ಟು ಸಲ ಬೀಳ್ತಿದೆ ಅನ್ನೋದನ್ನ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ, ಐಪಿಸಿಸಿ, 2021ರಲ್ಲಿ ಹೇಳಿದ್ದು ಇದನ್ನೇ. ಹಿಂದೆ ಹತ್ತು ವರ್ಷಕ್ಕೊಮ್ಮೆ ಬರ್ತಿದ್ದಂಥ ವಿಪರೀತ ಬಿಸಿ ಈಗ ಜಾಗತಿಕವಾಗಿ 2.8 ಪಟ್ಟು ಹೆಚ್ಚು ಸಲ ಬರ್ತಿದೆ. ಬಿಸಿ ಏರಿಕೆ 2 ಡಿಗ್ರಿ ಮುಟ್ಟಿದ್ರೆ 5.6 ಪಟ್ಟು. ಹಗ್ಗ ಒಳಗೆ ಬಂದಷ್ಟೂ ಸಿಕ್ಸ್ ಹೆಚ್ಚು.

ಎರಡನೆಯದು ವರ್ಷದ ಬಿಸಿ. ಎಲ್ಲ ಬೇಸಿಗೆಯೂ ಒಂದೇ ಥರ ಇರಲ್ಲ. ಬೆಂಗಳೂರಿನ ಏಪ್ರಿಲ್‌ಗೆ ಹಣೆಬರಹ ಬರೆಯೋದು ಮುಂಗಾರಿಗೆ ಮುಂಚಿನ ಮಳೆ. ಮಾವಿನ ಮಳೆ ಅಂತೀವಲ್ಲ, ಅಶ್ವಿನಿ, ಭರಣಿ ಅಂತ ರೈತರು ಹೆಸರಿಡ್ತಾರಲ್ಲ, ಅವು. ಮಧ್ಯಾಹ್ನ ಕುದ್ದು, ಸಂಜೆ ಗುಡುಗಿ, ಒಂದು ಗಂಟೆ ಸುರಿದು ಊರನ್ನ ತಣ್ಣಗೆ ಮಾಡಿ ಹೋಗೋ ಮಳೆ. ಅದು ಕೈಕೊಟ್ಟ ವರ್ಷ ಊರು ಬೆಂದುಹೋಗುತ್ತೆ. ದೊಡ್ಡ ದಾಖಲೆ ಆದ 2016 ಮತ್ತು 2024, ಎರಡೂ ಎಲ್‌ನಿನೋ ಮುಗಿಯುತ್ತಿದ್ದ ಸಮಯದ ಬೇಸಿಗೆಗಳು. ಎಲ್‌ನಿನೋ ಅಂದ್ರೆ ಪೆಸಿಫಿಕ್ ಸಾಗರದ ನೀರು ಕೆಲವು ವರ್ಷಕ್ಕೊಮ್ಮೆ ಬಿಸಿಯಾಗಿ ಲೋಕದ ಮಳೆಗಾಳಿಯನ್ನೆಲ್ಲ ಏರುಪೇರು ಮಾಡೋದು. 2023ರಲ್ಲಿ ಮುಂಗಾರು ಸೋತಿತು, ರಾಜ್ಯದ ಬಹುಪಾಲು ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು. 2024ರ ಮಾರ್ಚ್ ಹೊತ್ತಿಗೆ ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಅಂತ ಉಪಮುಖ್ಯಮಂತ್ರಿಯೇ ಹೇಳಿದ್ರು. ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳ್ತು. ಏಪ್ರಿಲ್‌ನಲ್ಲೂ ಮಳೆ ಬರಲಿಲ್ಲ. ಮರುತಿಂಗಳು ಮೋಡ ಕರಗಿತು. ಜೂನ್ 2ನೇ ತಾರೀಕು ಒಂದೇ ದಿನ 111 ಮಿಲಿಮೀಟರ್ ಸುರಿದು ಊರು ಮುಳುಗಿತು! ನೀರಿಲ್ಲದ ಊರು ಎರಡೇ ತಿಂಗಳಲ್ಲಿ ನೀರಲ್ಲಿ ಮುಳುಗಿದ್ದು ಹೀಗೆ.

ಮೂರನೆಯದು ಬೀದಿಯ ಬಿಸಿ. ಇದು ಪೂರ್ತಿ ನಮ್ಮ ಕೈಯಾರೆ ಮಾಡ್ಕೊಂಡಿದ್ದು. ಇದರ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡೋಣ.

ಜ್ಞಾನಭಾರತಿಯ ಒಳಗೆ, ಹೊರಗೆ

ನೇರಳೆ ಮಾರ್ಗದ ಮೆಟ್ರೋದಲ್ಲಿ ಜ್ಞಾನಭಾರತಿ ಸ್ಟೇಷನ್‌ನಲ್ಲಿ ಇಳಿದು ನೋಡಿ. ಕೆಳಗೆ ಮೈಸೂರು ರಸ್ತೆ. ಮೇಲೆ ಕಾಂಕ್ರೀಟ್ ಸೇತುವೆ, ಕೆಳಗೆ ಟಾರು, ಮಧ್ಯೆ ಬಸ್ಸು, ಲಾರಿ, ಆಟೋಗಳ ಹೊಗೆ. ಪಕ್ಕದಲ್ಲೇ ವೃಷಭಾವತಿ ಹರಿಯುತ್ತೆ. ಬಸವನಗುಡಿಯಲ್ಲಿ ಹುಟ್ಟಿ ಕೆಂಗೇರಿ ದಾಟಿ ಬೈರಮಂಗಲ ಕೆರೆಗೆ ಹೋಗೋ ನದಿ ಅದು. ಈಗ ಅದರ ಗುರುತು ಸಿಗೋದು ಹೆಚ್ಚಾಗಿ ಮೂಗಿಗೆ. ಅಲ್ಲಿಂದ ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ ಒಳಗೆ ನಡೆದು ಹೋಗಿ. ಸುಮಾರು 1,100 ಎಕರೆ ಜಾಗ. ಮರಗಳ ನೆರಳಿನ ರಸ್ತೆ, ಬಯೋಪಾರ್ಕ್, ಮಧ್ಯೆ ಮಧ್ಯೆ ಕುರುಚಲು ಕಾಡು. ಹತ್ತು ನಿಮಿಷ ನಡೆದ್ರೆ ಸಾಕು, ಬೇರೆ ಊರಿಗೆ ಬಂದ ಹಾಗೆ ಮೈ ತಾನಾಗೇ ಹೇಳುತ್ತೆ.

ಯಾಕೆ ಹೀಗೆ? ಸೂರ್ಯ ಎರಡೂ ಕಡೆ ಒಂದೇ ಥರ ಸುಡ್ತಾನೆ. ಬಿದ್ದ ಬಿಸಿಲು ಏನಾಗುತ್ತೆ ಅನ್ನೋದರಲ್ಲಿದೆ ವ್ಯತ್ಯಾಸ. ಟಾರು, ಕಾಂಕ್ರೀಟ್ ಬಿಸಿಲನ್ನ ಹೀರಿ ಒಳಗೆ ತುಂಬಿಟ್ಕೊಳ್ತವೆ. ಸಂಜೆ ಆದ್ಮೇಲೆ ನಿಧಾನವಾಗಿ ಬಿಡ್ತವೆ. ಕಾದ ಕಾವಲಿ ಸ್ಟೌ ಆರಿಸಿದ ಮೇಲೂ ಸುಡುತ್ತಲ್ಲ, ಹಾಗೆ. ಮರ ಎರಡು ಕೆಲಸ ಮಾಡುತ್ತೆ. ಒಂದು, ನೆರಳು ಕೊಟ್ಟು ನೆಲ ಕಾಯೋದನ್ನೇ ತಪ್ಪಿಸುತ್ತೆ. ಎರಡು, ಎಲೆಯಿಂದ ನೀರಿನ ಆವಿ ಬಿಡುತ್ತೆ. ನೀರು ಆವಿಯಾಗೋಕೆ ಬಿಸಿ ಬೇಕು, ಅದನ್ನ ಸುತ್ತಲಿನ ಗಾಳಿಯಿಂದ ತಗೊಳ್ಳುತ್ತೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗೋ ಉಪಾಯವೇ ಇದು. ನಮ್ಮ ಏಪ್ರಿಲ್ ಗಾಳಿ ಚೆನ್ನೈ, ಮಂಗಳೂರಿನಷ್ಟು ತೇವ ಇರಲ್ಲ, ಹಾಗಾಗಿ ಈ ಉಪಾಯ ಇಲ್ಲಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ.

ಇದು ಬರೀ ಅನುಭವದ ಮಾತಲ್ಲ, ಅಳೆದು ನೋಡಿದ್ದಾರೆ. ಹರಿಣಿ ನಾಗೇಂದ್ರ ಮತ್ತು ಇಬ್ಬರು ಸಹ ಸಂಶೋಧಕರು ಬೆಂಗಳೂರಿನ ರಸ್ತೆಗಳಲ್ಲೇ, ಮರ ಇರೋ ಕಡೆ ಮತ್ತು ಇಲ್ಲದ ಕಡೆ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ್ರು. ಮಧ್ಯಾಹ್ನದ ಹೊತ್ತು ಮರ ಇರೋ ರಸ್ತೆಯಲ್ಲಿ ಗಾಳಿಯ ತಾಪಮಾನ 5.6 ಡಿಗ್ರಿವರೆಗೆ ಕಡಿಮೆ ಇತ್ತು. ಟಾರಿನ ಮೇಲ್ಮೈ 27.5 ಡಿಗ್ರಿವರೆಗೆ ತಂಪಾಗಿತ್ತು! ಒಂದೇ ಊರು, ಒಂದೇ ಮಧ್ಯಾಹ್ನ. ಲೋಕದ ಬಿಸಿ ಸುಮಾರು ನೂರೈವತ್ತು ವರ್ಷದಲ್ಲಿ ಹೆಚ್ಚುಕಡಿಮೆ ಒಂದೂವರೆ ಡಿಗ್ರಿ ಏರಿದೆ. ಒಂದು ಸಾಲು ಮರ ಕಡಿದ್ರೆ ನಿಮ್ಮ ಬೀದಿಯ ಬಿಸಿ ಒಂದೇ ದಿನದಲ್ಲಿ ಅದಕ್ಕಿಂತ ಹೆಚ್ಚು ಏರಬಹುದು.

ನಗರ ಹಳ್ಳಿಗಿಂತ ಬಿಸಿ ಅನ್ನೋದು ಹೊಸ ಸಂಗತಿಯೇನಲ್ಲ. ಇನ್ನೂರು ವರ್ಷಗಳ ಹಿಂದೆ ಲಂಡನ್‌ನಲ್ಲಿ ಲ್ಯೂಕ್ ಹೋವರ್ಡ್ ಅನ್ನೋರು, ಮೋಡಗಳಿಗೆ ಹೆಸರಿಟ್ಟವರು ಅವರೇ, ಊರ ಒಳಗೂ ಹೊರಗೂ ತಾಪಮಾನ ಬರೆದಿಟ್ಟು, ರಾತ್ರಿ ಹೊತ್ತು ನಗರ ಹೆಚ್ಚು ಬೆಚ್ಚಗಿರುತ್ತೆ ಅಂತ ತೋರಿಸಿದ್ರು. ನಮ್ಮಲ್ಲಿ ಹೊಸದು ಬದಲಾವಣೆಯ ವೇಗ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತವರ ತಂಡ ಉಪಗ್ರಹ ಚಿತ್ರಗಳನ್ನ ನೋಡಿ ಲೆಕ್ಕ ಹಾಕಿದ ಪ್ರಕಾರ, 1973ರಿಂದ 2010ರ ನಡುವೆ ಬೆಂಗಳೂರಿನ ಕಟ್ಟಡ ಪ್ರದೇಶ ಶೇ 584ರಷ್ಟು ಹೆಚ್ಚಾಯ್ತು. ಹಸಿರು ಶೇ 66, ಜಲಮೂಲ ಶೇ 74ರಷ್ಟು ಕಡಿಮೆ ಆಯ್ತು. ಜೊತೆಗೆ ನಗರದಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಪ್ರತಿ ಎಂಜಿನ್ನೂ ಒಂದು ಚಿಕ್ಕ ಒಲೆ. ಪ್ರತಿ ಎಸಿಯೂ ಒಳಗಿನ ಬಿಸಿಯನ್ನ ಬೀದಿಗೆ ತಳ್ಳೋ ಯಂತ್ರ. ಎಸಿ ಇರೋರ ರೂಮ್ ತಣ್ಣಗಾಗುತ್ತೆ, ಎಸಿ ಇಲ್ಲದ ಪಕ್ಕದ ಮನೆಯ ಕಿಟಕಿ ಇನ್ನಷ್ಟು ಕಾಯುತ್ತೆ.

ಒಂದು ಎಚ್ಚರಿಕೆ. ‘ಬೆಂಗಳೂರಲ್ಲಿ 50 ಡಿಗ್ರಿ!’ ಅಂತ ಯಾರಾದ್ರೂ ನಕ್ಷೆ ಕಳಿಸಿದ್ರೆ ನಿಂತು ನೋಡಿ. ಉಪಗ್ರಹ ಅಳೆಯೋದು ನೆಲದ, ಮಾಳಿಗೆಯ ಮೇಲ್ಮೈ ಬಿಸಿ. ಹವಾಮಾನ ಕೇಂದ್ರ ಅಳೆಯೋದು ನೆರಳಲ್ಲಿ, ಬಿಳಿ ಮರದ ಪೆಟ್ಟಿಗೆಯ ಒಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದ ಗಾಳಿಯ ಬಿಸಿ. ನಿಮ್ಮ ಫೋನಿನ ಆ್ಯಪ್ ತೋರಿಸೋದು ಹೆಚ್ಚಾಗಿ ಕಂಪ್ಯೂಟರ್ ಅಂದಾಜು, ನಿಮ್ಮ ಬೀದಿಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ್ದಲ್ಲ. ಮೂರೂ ಬೇರೆ ಬೇರೆ, ಒಂದನ್ನ ಇನ್ನೊಂದಕ್ಕೆ ಹೋಲಿಸಿ ಜಗಳ ಆಡಬೇಡಿ.

ಸೆಕೆ ಯಾರ ಮನೆಯಲ್ಲಿ ಉಳಿಯುತ್ತೆ?

ಈಗ ಮುಖ್ಯ ಮಾತಿಗೆ ಬರ್ತೀನಿ. ನೆರಳಲ್ಲಿಟ್ಟ ಪೆಟ್ಟಿಗೆಯೊಳಗೆ 38 ಇದ್ದಾಗ, ಶೀಟ್ ಮನೆಯೊಳಗೆ ಎಷ್ಟಿರುತ್ತೆ?

ನಮ್ಮ ಕಡೆ ಮನೆಗಳು ಹೇಗೆ ಬೆಳೀತವೆ ನೋಡಿ. 20-30 ಸೈಟು. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ ಮನೆ, ಅದರ ಮೇಲೆ ಶೀಟ್ ಹಾಕಿ ಒಂದು ರೂಮು. ಆ ರೂಮಲ್ಲಿ ಇರೋದು ಯಾರು? ಕೆಲಸ ಹುಡುಕಿ ಬಂದ ಹುಡುಗರು, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಮಕ್ಕಳು, ಪಿಜಿಯಲ್ಲಿ ಬಾಡಿಗೆ ಕಡಿಮೆ ಅಂತ ಟಾಪ್ ಫ್ಲೋರ್ ತಗೊಂಡ ವಿದ್ಯಾರ್ಥಿಗಳು. ಹಗಲೆಲ್ಲ ಬಿಸಿಲಲ್ಲಿ ದುಡಿದು ಬಂದವರಿಗೆ ರಾತ್ರಿಯ ತಂಪೂ ಇಲ್ಲ.

ರಾತ್ರಿಯ ತಂಪು ಯಾಕೆ ಮುಖ್ಯ? ಬಿಸಿ ಆದಾಗ ದೇಹ ರಕ್ತವನ್ನ ಚರ್ಮದ ಕಡೆ ತಳ್ಳುತ್ತೆ, ಬೆವರುತ್ತೆ, ಹೃದಯ ಜೋರಾಗಿ ಹೊಡೀಬೇಕಾಗುತ್ತೆ. ಹಗಲಲ್ಲಿ ಆದ ಈ ದಣಿವನ್ನ ದೇಹ ಸರಿಮಾಡಿಕೊಳ್ಳೋದು ರಾತ್ರಿ ನಿದ್ದೆಯಲ್ಲಿ. ರಾತ್ರಿಯೂ ರೂಮು ಕಾದಿದ್ರೆ ಆ ವಿಶ್ರಾಂತಿ ಸಿಗಲ್ಲ. ಮರುದಿನ ಅದೇ ದಣಿವಿನ ಮೇಲೆ ಇನ್ನೊಂದು ದಿನದ ಬಿಸಿಲು. ವಯಸ್ಸಾದವರು, ಬಿಪಿ, ಶುಗರ್, ಹೃದಯದ ತೊಂದರೆ ಇರೋರು, ಬಸುರಿಯರು, ಹಸುಗೂಸುಗಳು ಇದಕ್ಕೆ ಮೊದಲು ಸಿಗ್ತಾರೆ. ಆಗ ಜನ ಸಾಯೋದು ‘ಬಿಸಿಲಿನಿಂದ’ ಅಂತ ದಾಖಲಾಗಲ್ಲ. ‘ಹೃದಯಾಘಾತ’ ಅಂತ ಬರೀತಾರೆ, ಅಲ್ಲಿಗೆ ಮುಗೀತು.

ಇದನ್ನ ಲೆಕ್ಕ ಹಾಕಿ ತೋರಿಸಿದ್ದು ಅಹಮದಾಬಾದ್. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ, ವಾಡಿಕೆಯ ಮೇ ತಿಂಗಳಿಗಿಂತ 1,344 ಸಾವು ಹೆಚ್ಚಾಗಿತ್ತು ಅಂತ ನಂತರದ ಅಧ್ಯಯನದಲ್ಲಿ ಕಂಡುಬಂತು. ಪ್ರಮಾಣಪತ್ರದಲ್ಲಿ ಏನು ಬರೆದಿದ್ರೂ ಸರಿ, ಒಟ್ಟು ಎಷ್ಟು ಜನ ಹೆಚ್ಚು ಸತ್ತರು ಅಂತ ಎಣಿಸಿದ್ರು. 2013ರಲ್ಲಿ ಆ ನಗರ ದಕ್ಷಿಣ ಏಷ್ಯಾದ ಮೊದಲ ಹೀಟ್ ಆ್ಯಕ್ಷನ್ ಪ್ಲಾನ್ ತಂದಿತು. ಅದರಲ್ಲಿ ಎಚ್ಚರಿಕೆಯ ಗೆರೆಗಳನ್ನ ತಮ್ಮ ಊರಿಗೆ ತಕ್ಕ ಹಾಗೆ ಎಳೆದ್ರು. ಹಳದಿ, ಕಿತ್ತಳೆ, ಕೆಂಪು. ಯಾವ ಬಣ್ಣ ಬಂದಾಗ ಆಸ್ಪತ್ರೆ ಏನು ಮಾಡಬೇಕು, ಯಾರಿಗೆ ಫೋನ್ ಹೋಗಬೇಕು, ಎಲ್ಲಿ ನೀರಿಡಬೇಕು, ಎಲ್ಲ ಮೊದಲೇ ಬರೆದಿಟ್ಟಿರ್ತಾರೆ. ಪಕ್ಕದ ತಮಿಳುನಾಡು 2024ರಲ್ಲಿ ಬಿಸಿಗಾಳಿಯನ್ನ ರಾಜ್ಯದ ವಿಪತ್ತು ಅಂತಲೇ ಘೋಷಿಸಿತು. ತೆಲಂಗಾಣ 2023ರಲ್ಲಿ ಕೂಲ್ ರೂಫ್ ನೀತಿ ತಂದಿತು.

ಬೆಂಗಳೂರು ಏನೂ ಮಾಡಿಲ್ಲ ಅಂತಲ್ಲ. 2023ರ ನವೆಂಬರ್‌ನಲ್ಲಿ ಬಿಬಿಎಂಪಿ ನಗರಕ್ಕೆ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. ಈಗ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ. ಪಾಲಿಕೆ ಎಷ್ಟಾದ್ರೂ ಇರಲಿ, ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಊರಿಗೆ ನಮ್ಮದೇ ಗೆರೆ ಯಾವಾಗ? 40 ಅಲ್ಲ. ನಮ್ಮ ಸಾವು ನೋವಿನ ಲೆಕ್ಕ ನೋಡಿ, ಹಗಲಿನ ಬಿಸಿಯ ಜೊತೆ ರಾತ್ರಿಯ ಬಿಸಿಯನ್ನೂ ಸೇರಿಸಿ ಎಳೆದ ಗೆರೆ. ಅದು 36 ಇರಬಹುದು, 37 ಇರಬಹುದು. ಅದನ್ನ ನಾನು ನೀವು ಊಹಿಸಿ ಹೇಳೋದಲ್ಲ, ಎಣಿಸಿ ಹೇಳಬೇಕು. ಎಣಿಸಿ ಅಂತ ಕೇಳೋದಷ್ಟೇ ನಮ್ಮ ಕೆಲಸ.

ನಾವೇನು ಮಾಡಬಹುದು?

ಮೊದಲು ಮೈ ಕಾಪಾಡ್ಕೊಳ್ಳೋ ಮಾತು. ಬಿಸಿಲಲ್ಲಿ ದುಡಿಯೋರು ಬಾಯಾರಿಕೆ ಆಗೋವರೆಗೆ ಕಾಯಬೇಡಿ, ಆಗಾಗ ನೀರು ಕುಡೀರಿ. ಬೆವರಿನ ಜೊತೆ ಉಪ್ಪೂ ಹೋಗುತ್ತೆ, ಹಾಗಾಗಿ ಮಜ್ಜಿಗೆ, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ, ಓಆರ್‌ಎಸ್ ಒಳ್ಳೇದು. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದ್ರೆ ಅದು ಮೊದಲ ಗಂಟೆ. ಆರ್ಡರ್ ಒಂದು ಕ್ಯಾನ್ಸಲ್ ಆದ್ರೂ ಪರವಾಗಿಲ್ಲ, ನೆರಳಿಗೆ ಹೋಗಿ. ಯಾರಾದ್ರೂ ಮಾತು ತೊದಲಿದ್ರೆ, ಗೊಂದಲಗೊಂಡ್ರೆ, ಮೈ ಕೆಂಡದ ಹಾಗೆ ಸುಡ್ತಿದ್ರೆ ಅದು ಹೀಟ್‌ಸ್ಟ್ರೋಕ್ ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರೋವರೆಗೆ ಸುಮ್ಮನೆ ನಿಲ್ಲಬೇಡಿ, ನೆರಳಿಗೆ ತಂದು ಮೈಮೇಲೆ ನೀರು ಸುರೀರಿ, ಗಾಳಿ ಬೀಸಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ನೀರು ಹಾಕಬೇಡಿ.

ಎರಡನೇದು ಮನೆ. ಮಾಳಿಗೆಗೆ ಬಿಳಿ ಬಣ್ಣ ಬಳಿಯೋದು ಅತಿ ಅಗ್ಗದ ಉಪಾಯ. ಸುಣ್ಣ ಆದ್ರೂ ಸರಿ, ಬಿಸಿಲನ್ನ ವಾಪಸ್ ಕಳಿಸೋ ಪೇಂಟ್ ಆದ್ರೂ ಸರಿ. ಬಿಳಿ ಮೇಲ್ಮೈ ಬಿಸಿಲನ್ನ ಹೀರೋದು ಕಡಿಮೆ, ಹಾಗಾಗಿ ಒಳಗಿನ ಸೆಕೆ ಕೆಲವು ಡಿಗ್ರಿ ಇಳಿಯುತ್ತೆ. ಶೀಟ್ ಮೇಲೆ ತೆಂಗಿನ ಗರಿ ಹೊದಿಸೋದು, ಹಸಿರು ನೆರಳು ಬಲೆ ಕಟ್ಟೋದು ಕೂಡ ಕೆಲಸ ಮಾಡುತ್ತೆ. ಕಷ್ಟ ಏನಂದ್ರೆ, ಸೆಕೆ ಅನುಭವಿಸೋರು ಬಾಡಿಗೆಯವರು, ಬಣ್ಣ ಬಳಿಸಬೇಕಾದೋರು ಮಾಲೀಕರು. ‘ಓನರ್ ಅಂಕಲ್, ನಾವೇ ಬಳೀತೀವಿ, ಸುಣ್ಣದ ದುಡ್ಡು ಮಾತ್ರ ಕೊಡಿ’ ಅಂತ ಕೇಳಿ ನೋಡಿ. ಮಾರ್ಚ್ ಶುರುವಲ್ಲೇ ಕೇಳಿ, ಏಪ್ರಿಲ್ ಕೊನೆಗಲ್ಲ.

ಮೂರನೇದು ಬೀದಿ. ಸರ್ ಎಂ. ವಿಶ್ವೇಶ್ವರಯ್ಯ ಲೇಔಟ್, ನಾಡಪ್ರಭು ಕೆಂಪೇಗೌಡ ಲೇಔಟ್ ಥರದ ಹೊಸ ಬಡಾವಣೆಗಳಲ್ಲಿ ಇನ್ನೂ ಜಾಗ ಇದೆ. ಮನೆ ಏಳೋ ಮೊದಲೇ ಸಾಲು ಮರ ಎದ್ರೆ ಹತ್ತು ವರ್ಷಕ್ಕೆ ಅದೊಂದು ಬೇರೆಯೇ ಬೀದಿ. ನಮ್ಮ ಹೊಂಗೆಯನ್ನೇ ನೋಡಿ. ಯುಗಾದಿ ಹೊತ್ತಿಗೆ ಸರಿಯಾಗಿ ಹೊಸ ಎಲೆ ಬಿಟ್ಟು ನೆರಳಿಗೆ ಸಿದ್ಧವಾಗುತ್ತೆ. ಜ್ಞಾನಭಾರತಿಯಂಥ ಹಸಿರು ಜಾಗ ಖಾಲಿ ಜಾಗ ಅಲ್ಲ, ಸುತ್ತಲಿನ ಬಡಾವಣೆಗಳಿಗೆ ಅದೊಂದು ದೊಡ್ಡ ಕೂಲರ್. ಅಲ್ಲೊಂದು ಕಟ್ಟಡ, ಇಲ್ಲೊಂದು ರಸ್ತೆ ಅಂತ ತುಂಡು ತುಂಡಾಗಿ ಕರಗಿದ್ರೆ ಮರಳಿ ಬರಲ್ಲ. ಅದನ್ನ ಉಳಿಸೋ ಮಾತು ಪರಿಸರಪ್ರೇಮಿಗಳದ್ದಷ್ಟೇ ಅಲ್ಲ, ಶೀಟ್ ರೂಮಲ್ಲಿ ಮಲಗೋರದ್ದೂ ಹೌದು.

ನಾಲ್ಕನೇದು ಕೆಲಸ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾನೂನು ತಂದಿದೆ. ಒಳ್ಳೇ ಹೆಜ್ಜೆ. ಆದ್ರೆ ಮಧ್ಯಾಹ್ನ 12ರಿಂದ 3ರವರೆಗೆ ಬೈಕ್ ಮೇಲೆ ಇರೋರಿಗೆ ನೆರಳು, ನೀರು, ಶೌಚಾಲಯ ಇರೋ ಜಾಗ, ಬಿಸಿ ಗೆರೆ ದಾಟಿದ ದಿನ ತಡವಾದ್ರೆ ರೇಟಿಂಗ್ ಕಡಿಮೆ ಆಗದ ವ್ಯವಸ್ಥೆ ಬೇಕು. ಗಮನಿಸಿ, ಇಲ್ಲೂ ಬೇಕಾಗಿರೋದು ಅದೇ ಗೆರೆ. ಗೆರೆ ಇಲ್ಲದೆ ಯಾವ ನಿಯಮವೂ ಕೂರಲ್ಲ.

ಕೊನೇದು, ಖರ್ಚು ಕಡಿಮೆ, ಆಟದ ಥರ. ಒಂದು ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತಗೊಳ್ಳಿ, ಕೆಲವು ನೂರು ರೂಪಾಯಿಗೆ ಸಿಗುತ್ತೆ. ಮಲಗೋ ರೂಮಲ್ಲಿ ಬಿಸಿಲು ಬೀಳದ ಕಡೆ, ಹಾಸಿಗೆಯ ಹತ್ರ ಇಡಿ. ಬೆಳಿಗ್ಗೆ 6, ಮಧ್ಯಾಹ್ನ 3, ರಾತ್ರಿ 10. ಮಾರ್ಚ್ 15ರಿಂದ ಮೇ 15ರವರೆಗೆ ಫೋನಲ್ಲಿ ಬರೆದಿಡಿ. ಪಕ್ಕದಲ್ಲಿ ಹವಾಮಾನ ಇಲಾಖೆಯ ಆ ದಿನದ ಸಂಖ್ಯೆ. ಮಾಳಿಗೆ ಯಾವುದು ಅಂತಲೂ ಬರೀರಿ: ಆರ್‌ಸಿಸಿಯಾ, ಶೀಟಾ, ಹೆಂಚಾ. ಒಂದು ಬೀದಿಯಲ್ಲಿ ಹತ್ತು ಜನ ಹೀಗೆ ಬರೆದ್ರೆ ಅದು ಗೊಣಗಾಟ ಅಲ್ಲ, ದಾಖಲೆ. ವಾರ್ಡ್ ಸಭೆಗೆ ತಗೊಂಡು ಹೋಗಿ ಮೇಜಿನ ಮೇಲಿಡಬಹುದು. ‘ಸರ್, ನಿಮ್ಮ ಕೇಂದ್ರದಲ್ಲಿ 37 ಇದ್ದ ದಿನ ನಮ್ಮ ರೂಮಲ್ಲಿ ರಾತ್ರಿ 10ಕ್ಕೆ ಇಷ್ಟಿತ್ತು’ ಅಂತ ಹೇಳಿದ್ರೆ ಉತ್ತರ ಕೊಡದೆ ಎದ್ದುಹೋಗೋದು ಕಷ್ಟ.

ಲೋಕದ ಬಿಸಿ ಇಳಿಸೋಕೆ ದೇಶ ದೇಶಗಳು ಕಲ್ಲಿದ್ದಲು ಬಿಡಬೇಕು, ಅದಕ್ಕೆ ಕಾಲ ಹಿಡಿಯುತ್ತೆ. ವರ್ಷದ ಬಿಸಿ ನಮ್ಮ ಕೈಲಿಲ್ಲ. ಬೀದಿಯ ಬಿಸಿ ಮಾತ್ರ ಇಲ್ಲೇ, ಈ ಊರಲ್ಲೇ ತೀರ್ಮಾನ ಆಗುತ್ತೆ. ಆ ತೀರ್ಮಾನ ಆಗೋ ಕಡೆ ನಿಮ್ಮ ರೂಮಿನ ಸಂಖ್ಯೆಯೂ ಇರಲಿ.

ಅಳತೆ ಶುರು ಮಾಡಿದ್ರೆ ಮೊದಲ ವಾರದ ಸಂಖ್ಯೆಗಳನ್ನ ಕಾಮೆಂಟಲ್ಲಿ ಹಾಕಿ, ಬಡಾವಣೆ ಹೆಸರು ಸಾಕು, ಮನೆ ವಿಳಾಸ ಬೇಡ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನೀರು ಕುಡೀತಾ ಇರಿ. ನಮಸ್ಕಾರ.